ಬೇಕು ಅಂತ ಉಟ್ಟ ಬಟ್ಟೆ

ಹೋದ ದಸರೆಯ ಹಿಂದಿನ ವಾರ ಜೀಡಿಮೆಟ್ಲಾದ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಾಗದಲ್ಲಿ ಬತುಕಮ್ಮ ಆಡುತ್ತಿದ್ದರು. ಹೈದರಾಬಾದಿಗೆ ಬಂದು ನೆಲೆಸಿದ ನಮ್ಮಂಥವರಿಗೆ ಈ ಹಬ್ಬ ಈಗ ಹೊಸದಲ್ಲ. ನಾವು ಆವರಿಕೆ ಎನ್ನುವ ತಂಗೇಡು, ಗುನುಗು, ಚೆಂಡುಹೂಗಳನ್ನು ತಾಟಿನ ಮೇಲೆ ಗೋಪುರದ ಹಾಗೆ ಪೇರಿಸಿ ನಡುವೆ ಇಡುತ್ತಾರೆ. ಹೆಂಗಸರು ಸುತ್ತ ನಿಂತು ಚಪ್ಪಾಳೆ ತಟ್ಟುತ್ತ ಕುಣಿಯುತ್ತಾರೆ. ಗಂಡಸರು ಹೂ ತಂದುಕೊಡಬಹುದು, ಗೋಪುರ ಕಟ್ಟಲು ಕೈ ಹಚ್ಚಬಹುದು. ಆದರೆ ಆ ಸುತ್ತು ಹೆಂಗಸರದು, ಹೆಣ್ಣುಮಕ್ಕಳದು.

ನಾನು ಡ್ಯೂಟಿ ಮುಗಿಸಿ ಬಂದು ಬೈಕ್ ನಿಲ್ಲಿಸುವ ಹೊತ್ತಿಗೆ ಆ ಸುತ್ತಿನಲ್ಲಿ ನನ್ನ ಮಗನಿದ್ದ. ಅವನಿಗೆ ಆರು ವರ್ಷ. ಅಕ್ಕನ ಹೋದ ವರ್ಷದ ಹಸಿರು ಪರಕಾರ, ಪೋಲಕಾ ತೊಟ್ಟು, ಬಗ್ಗಿ ಎದ್ದು, ತಾಳ ತಪ್ಪದೆ ಕುಣಿಯುತ್ತಿದ್ದ. ಯಾರಿಗೂ ಅದು ದೊಡ್ಡ ಸಂಗತಿಯಾಗಿ ಕಂಡಂತಿರಲಿಲ್ಲ. ಹಿರಿಯ ಹೆಂಗಸೊಬ್ಬರು ಅವನ ಗಲ್ಲ ಹಿಡಿದು "ಈ ಪಾಪ ಎವರು?" ಅಂದರು. ಪಕ್ಕದಾಕೆ ನಗುತ್ತ "ಪಾಪ ಕಾದು, ಬಾಬು" ಅಂದಳು. ತೆಲುಗಿನಲ್ಲಿ ಪಾಪ ಅಂದರೆ ಹೆಣ್ಣುಕೂಸು, ಬಾಬು ಅಂದರೆ ಗಂಡು. ಸುತ್ತ ಇದ್ದವರು ನಕ್ಕರು. ಆ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅಷ್ಟರಲ್ಲಿ ಕಂಬಕ್ಕೆ ಒರಗಿ ನಿಂತಿದ್ದ ಒಬ್ಬ ಮೊಬೈಲ್ ಎತ್ತಿ ವಿಡಿಯೋ ತೆಗೆಯತೊಡಗಿದ.

ನಾನು ಹೋಗಿ ಮಗನ ರಟ್ಟೆ ಹಿಡಿದು ಎಳೆದುಕೊಂಡು ಬಂದೆ. ಮನೆ ತನಕ ಕಾಯಲಿಲ್ಲ, ಮೆಟ್ಟಿಲ ಮೇಲೆಯೇ ಪರಕಾರ ಬಿಚ್ಚಲು ಹೋದೆ. ಲಾಡಿ ಗಂಟಾಗಿತ್ತು. ಜಗ್ಗಿ ಹರಿದೆ. ಅವನು ಅಳಲಿಲ್ಲ. ಚಡ್ಡಿಯಲ್ಲಿ ನಿಂತು ಕೆಳಗಿನ ಚಪ್ಪಾಳೆ ಕೇಳುತ್ತಿದ್ದ.

ಆ ರಾತ್ರಿ ನನ್ನ ಹೆಂಡತಿ ಒಂದೇ ಮಾತು ಕೇಳಿದಳು: "ಅಂವ ಏನರ ಕದ್ದಾನೇನ್ರಿ?" ಭಾಲ್ಕಿಯಿಂದ ಬಂದಿದ್ದ ನಮ್ಮವ್ವ ಏನೂ ಅನ್ನಲಿಲ್ಲ. ತನ್ನ ಟ್ರಂಕಿನ ತಳದಿಂದ ಒಂದು ಫೋಟೋ ತೆಗೆದು ನನ್ನ ಮುಂದೆ ಇಟ್ಟಳು. ನನ್ನದೇ ಫೋಟೋ. ಜಾವಳ ತೆಗೆಯುವ ಮೊದಲು, ಎರಡು ವರ್ಷದವನಿದ್ದಾಗ, ಸ್ಟುಡಿಯೋದಲ್ಲಿ ತೆಗೆಸಿದ್ದು. ಜರಿ ಪರಕಾರ, ಕೈತುಂಬ ಬಳೆ, ಕಾಡಿಗೆ, ಮೊಗ್ಗಿನ ಹೆರಳು. ಹೆರಳು ಕಾಣಲಿ ಅಂತ ಹಿಂದೆ ಕನ್ನಡಿ ಬೇರೆ. "ನಿನಗ ಹಾಕಿದಾಗ ಊರೆಲ್ಲಾ ನೋಡಿತ್ತು ತಮ್ಮಾ" ಅಂದಳು.

ಅವ್ವನ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಎರಡು ದಿನ ಬಿಟ್ಟು, ಎಲ್ಲರೂ ಮಲಗಿದ ಮೇಲೆ, ಲ್ಯಾಪ್‌ಟಾಪಿನಲ್ಲಿ 'ನಾನು ಅವನಲ್ಲ... ಅವಳು' ಹಾಕಿಕೊಂಡು ಕೂತೆ. ಈ ಬರಹ ಆ ಎರಡನೇ ನೋಟದ್ದು.

ಮೊದಲನೆಯ ನೋಟ 2015ರದ್ದು. ಆಗ ನಾನು ಬೆಂಗಳೂರಿನ ಪೀಣ್ಯದಲ್ಲಿ ಕೆಲಸಕ್ಕಿದ್ದ ಬ್ರಹ್ಮಚಾರಿ. ಬಿ.ಎಸ್. ಲಿಂಗದೇವರು ನಿರ್ದೇಶಿಸಿದ ಈ ಚಿತ್ರಕ್ಕೆ ಬಿಡುಗಡೆಗೆ ಮುಂಚೆಯೇ ಹೆಸರು ಬಂದಿತ್ತು. 62ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಸಂಚಾರಿ ವಿಜಯ್ ಅತ್ಯುತ್ತಮ ನಟ ಆಗಿದ್ದರು. ಎಂ.ವಿ. ವಾಸುದೇವರಾವ್ ಮತ್ತು ಚಾರುಹಾಸನ್ ಅವರ ನಂತರ ಕನ್ನಡ ಚಿತ್ರವೊಂದರ ಪಾತ್ರಕ್ಕೆ ಆ ಪ್ರಶಸ್ತಿ ಪಡೆದ ಮೂರನೆಯವರು ಅವರು. ಅತ್ಯುತ್ತಮ ಪ್ರಸಾಧನದ ಪ್ರಶಸ್ತಿಯೂ ಇದೇ ಚಿತ್ರಕ್ಕೆ ಬಂತು. ಕಥೆ ತಮಿಳುನಾಡಿನ ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆಯಿಂದ ಬಂದದ್ದು. ಭಾರತದಲ್ಲಿ ಟ್ರಾನ್ಸ್‌ಜೆಂಡರ್ ಹೆಣ್ಣೊಬ್ಬಳು ತನ್ನ ಬದುಕನ್ನು ತಾನೇ ಬರೆದ ಮೊದಮೊದಲ ಪುಸ್ತಕಗಳಲ್ಲಿ ಅದೊಂದು.

ಆ ಸಲ ಚಿತ್ರ ನೋಡಿ ಥಿಯೇಟರಿನ ಕತ್ತಲಲ್ಲಿ ಕಣ್ಣೊರೆಸಿಕೊಂಡಿದ್ದೆ. ಹೊರಗೆ ಬಂದು ಗೆಳೆಯರಿಗೆಲ್ಲ ನೋಡಿ ನೋಡಿ ಅಂತ ಹೇಳಿದ್ದೆ. ಸಿಗ್ನಲ್ಲಿನಲ್ಲಿ ಚಪ್ಪಾಳೆ ತಟ್ಟಿ ಬರುವವರ ಮುಖವನ್ನು ಆಮೇಲೆ ಸ್ವಲ್ಪ ದಿನ ನೇರವಾಗಿ ನೋಡಿದ್ದೆ. ಚಿತ್ರ ನನ್ನಿಂದ ಅಷ್ಟು ಮಾಡಿಸಿತ್ತು. ಅದು ಸಣ್ಣದಲ್ಲ. ಅದುವರೆಗೆ ನಮ್ಮ ಸಿನಿಮಾದಲ್ಲಿ ಆ ಮುಖಗಳು ಬರುತ್ತಿದ್ದದ್ದು ನಾಯಕನ ಗೆಳೆಯರನ್ನು ಹೆದರಿಸಲಿಕ್ಕೆ, ಇಲ್ಲವೇ ಹಾಡಿನಲ್ಲಿ ಎರಡು ಸಾಲು ನಗಿಸಲಿಕ್ಕೆ.

ಎರಡನೇ ಸಲ ನೋಡುವಾಗ ನಾನು ಕಾಯುತ್ತಿದ್ದದ್ದು ವಿದ್ಯಾಳಿಗಲ್ಲ, ಮಾದೇಶನಿಗೆ. ಹಳ್ಳಿಯ ಹುಡುಗ ಮಾದೇಶ. ಆ ಹೆಸರು ಕೇಳಿದರೆ ಮಲೆ ಮಹದೇಶ್ವರನ ಸೀಮೆ ಕಣ್ಣಮುಂದೆ ಬರುತ್ತದೆ. ತಮಿಳಿನ ಕಥೆ ಕನ್ನಡದ್ದೇ ಆಗಿಬಿಡುತ್ತದೆ. ಅವನಿಗೆ ಹೆಣ್ಣುಡುಗೆ ಇಷ್ಟ. ಯಾರೂ ಇಲ್ಲದಾಗ ಗುಟ್ಟಾಗಿ ಉಡುತ್ತಾನೆ, ಕುಣಿಯುತ್ತಾನೆ. ಅಪ್ಪನಿಗೆ ಮಗ ಗಂಡಾಗಿ ಬೆಳೆದು ಮನೆಯ ಹೆಸರು ಉಳಿಸಬೇಕು. ಹುಡುಗನ ನಡಿಗೆ, ಕೈಬೀಸು, ದನಿ, ಒಂದೊಂದೂ ಮನೆಯವರ ಕಣ್ಣಿಗೆ ಬೀಳುತ್ತವೆ, ಊರಿನವರ ಬಾಯಿಗೆ ಬೀಳುತ್ತವೆ.

ನನಗೆ ಬೇಕಿದ್ದದ್ದು ಆ ಮನೆ. ಆ ಅಪ್ಪ ಮರುದಿನ ಬೆಳಿಗ್ಗೆ ಏನು ಮಾಡಿದ? ಹುಡುಗ ಅವನ ಮುಂದೆ ಕೂತು ಊಟ ಮಾಡಿದನೋ? ಅಕ್ಕಂದಿರು ತಮ್ಮ ಬಟ್ಟೆಯನ್ನು ಪೆಟ್ಟಿಗೆಯಲ್ಲಿ ಬಚ್ಚಿಟ್ಟರೋ, ಕೊಟ್ಟರೋ? ಚಿತ್ರ ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅದಕ್ಕೆ ಬೇಗ ಹೋಗಬೇಕಾದ ಊರುಗಳಿವೆ. ಬೆಂಗಳೂರಿದೆ, ಹಿಜ್ರಾ ಸಮುದಾಯವಿದೆ, ಭಿಕ್ಷೆಯಿದೆ, ಶಸ್ತ್ರಕ್ರಿಯೆಯಿದೆ, ಮರ್ಯಾದೆಯ ಕೆಲಸಕ್ಕಾಗಿ ಅಲೆದಾಟವಿದೆ. ಬಾಲ್ಯ ಅಲ್ಲಿಗೆ ಹೋಗುವ ದಾರಿಯ ಮೊದಲ ಮೈಲುಗಲ್ಲು ಅಷ್ಟೇ. ಮಾದೇಶ ಉಟ್ಟ ಬಟ್ಟೆ ಮುಂದೆ ಬರಲಿರುವ ವಿದ್ಯಾಳಿಗೆ ಸಾಕ್ಷಿ. 'ನೋಡಿ, ಇವಳು ಆಗಿನಿಂದಲೂ ಹೀಗೇ ಇದ್ದಳು' ಎಂದು ಲೋಕಕ್ಕೆ ತೋರಿಸುವ ಸಾಕ್ಷಿ.

ಸಾಕ್ಷಿ ಹೇಳಲು ಬಂದ ಮಗುವಿಗೆ ಆಡಲು ಬಿಡುವಿರುವುದಿಲ್ಲ. ಈ ಚಿತ್ರದ ಬಗ್ಗೆ ನನ್ನ ತಕರಾರು ಇದೇ. ಆದರೆ ತಕರಾರಿಗೆ ಮುಂಚೆ, ಅದು ಮಾಡಿದ ಒಂದು ದೊಡ್ಡ ಕೆಲಸವನ್ನು ಸರಿಯಾಗಿ ಹೇಳಬೇಕು. ಅದಕ್ಕೆ ಅವ್ವ ತೆಗೆದ ಫೋಟೋಕ್ಕೇ ಹಿಂದಿರುಗುತ್ತೇನೆ.

ನಮ್ಮ ಕಡೆ ಗಂಡು ಹೆಣ್ಣುಡುಗೆ ಉಡುವುದು ಅಪರೂಪವೇನಲ್ಲ. ಜಾವಳದ ಮುಂಚೆ ಕೂಸಿಗೆ ಹೆರಳು ಹಾಕಿ ಫೋಟೋ ತೆಗೆಸದ ಮನೆ ಕಡಿಮೆ. ಬಯಲಾಟಗಳಲ್ಲಿ ಮೀಸೆ ಬೋಳಿಸಿಕೊಂಡ ಗಂಡಸರು ರಾಣಿಯರಾಗಿ ಬೆಳತನಕ ಕುಣಿದಿದ್ದಾರೆ. ಕರಾವಳಿಯ ಯಕ್ಷಗಾನದಲ್ಲಿ ಸ್ತ್ರೀವೇಷಕ್ಕೆಂದೇ ಹೆಸರಾದ ಕೋಳ್ಯೂರು ರಾಮಚಂದ್ರ ರಾವ್, ಮಂಟಪ ಪ್ರಭಾಕರ ಉಪಾಧ್ಯ ಅವರಂಥ ಕಲಾವಿದರಿದ್ದಾರೆ. ಮಹಾಭಾರತದ ಮಹಾವೀರನೇ ಒಂದು ವರ್ಷ ಬೃಹನ್ನಳೆಯಾಗಿ ವಿರಾಟನ ಮಗಳಿಗೆ ನಾಟ್ಯ ಕಲಿಸಿದ. ಸಿನಿಮಾಕ್ಕೆ ಬಂದರೆ, ಕಮಲಹಾಸನ್ ಹೆಂಗಸಿನ ವೇಷ ತೊಟ್ಟ 'ಚಾಚಿ 420' 1997ರಲ್ಲಿ ಬಂತು. ಇಲ್ಲಿನ ಟಿ.ವಿ.ಯಲ್ಲಿ, ನರೇಶ್ ಸೀರೆ ಉಟ್ಟ ತೆಲುಗು ಚಿತ್ರ 'ಚಿತ್ರಂ ಭಳಾರೇ ವಿಚಿತ್ರಂ' ಹಾಕಿದರೆ ನಮ್ಮ ಮಹಡಿಯ ಮೂರು ಮನೆಯಿಂದ ಒಟ್ಟಿಗೆ ನಗು ಕೇಳಿಸುತ್ತದೆ. ಸಂಸಾರ ಸಮೇತ ನೋಡುವ ಚಿತ್ರ ಅಂದರೆ ಇದೇ.

ಹಾಗಾದರೆ ಪಾರ್ಕಿಂಗಿನಲ್ಲಿ ನನ್ನ ಕೈ ಏಕೆ ಮುಂದೆ ಹೋಯಿತು? ತುಂಬ ದಿನ ಯೋಚಿಸಿದ ಮೇಲೆ ಒಂದು ವ್ಯತ್ಯಾಸ ಹೊಳೆಯಿತು. ಚಾಚಿ 420ರ ನಾಯಕ ಸೀರೆ ಉಡುವುದು ಮಗಳ ಹತ್ತಿರ ಇರಲಿಕ್ಕೆ. ಅರ್ಜುನ ಬೃಹನ್ನಳೆಯಾದದ್ದು ಅಜ್ಞಾತವಾಸ ಕಳೆಯಲಿಕ್ಕೆ. ಬಯಲಾಟದ ರಾಣಿಗೆ ಬೆಳಗಾದರೆ ಬಣ್ಣ ತೊಳೆಯುವ ನೀರು ಸಿದ್ಧವಿರುತ್ತದೆ. ನನಗೆ ಹೆರಳು ಹಾಕಿದ್ದು ಅವ್ವನ ಆಸೆಗೆ; ಎರಡು ವರ್ಷದ ನನಗೆ ಅದು ಬೇಕಿರಲಿಲ್ಲ, ಫೋಟೋದಲ್ಲಿ ನನ್ನ ಮುಖ ಅಳುಮೋರೆ. ಇವರೆಲ್ಲ ಬಟ್ಟೆ ಉಟ್ಟದ್ದು ಬೇರೆ ಏನಕ್ಕೋ. ಬಟ್ಟೆಗಾಗಿ ಬಟ್ಟೆ ಉಟ್ಟವರು ಯಾರೂ ಇಲ್ಲ. ಅದಕ್ಕೇ ಎಲ್ಲರೂ ಪಾಸು.

ನನ್ನ ಮಗ ಬೇಕು ಅಂತ ಉಟ್ಟಿದ್ದ. ಅವನ ಮುಖದಲ್ಲಿ ಖುಷಿ ಇತ್ತು. ಮೊಬೈಲ್ ಎತ್ತಿದವನು ಕಂಡದ್ದೂ ಅದನ್ನೇ, ನಾನು ಹೆದರಿದ್ದೂ ಅದಕ್ಕೇ. ನಮ್ಮ ಸಮಾಜ ಪರಕಾರಕ್ಕೆ ಬೇಡ ಅನ್ನುವುದಿಲ್ಲ, ಪರಕಾರ ಬೇಕೆನ್ನುವ ಮನಸ್ಸಿಗೆ ಬೇಡ ಅನ್ನುತ್ತದೆ.

'ನಾನು ಅವನಲ್ಲ... ಅವಳು' ಮಾಡಿದ ದೊಡ್ಡ ಕೆಲಸ ಇಲ್ಲಿದೆ. ನಾನು ನೋಡಿದ ಕನ್ನಡ ಚಿತ್ರಗಳಲ್ಲಿ, ಈ ಬೇಕೆನ್ನುವುದನ್ನು ನಗೆಯ ಸರಕು ಮಾಡದೆ, ಪವಾಡವನ್ನೂ ಮಾಡದೆ, ಹಸಿವಿನಷ್ಟೇ ನಿಜವಾದದ್ದಾಗಿ ತೋರಿಸಿದ ಚಿತ್ರ ಇದು. ಸಂಚಾರಿ ವಿಜಯ್ ಅವರ ಅಭಿನಯ ದೊಡ್ಡದಾದದ್ದು ಸೀರೆ ಉಟ್ಟದ್ದರಿಂದಲ್ಲ. ಉಡುವ ಮುಂಚೆ, ಶರ್ಟು ಪ್ಯಾಂಟಿನಲ್ಲಿ ನಿಂತಾಗಲೇ, ಆ ಮೈಯೊಳಗೆ ಇನ್ನೊಂದು ನಿಲುವು ಕಾಯುತ್ತಿದೆ ಅನ್ನಿಸುತ್ತದೆ. ಟ್ರಾನ್ಸ್ ಹೆಣ್ಣಿನ ಪಾತ್ರವನ್ನು ಅದೇ ಸಮುದಾಯದ ನಟಿ ಮಾಡಬೇಕಿತ್ತು ಎಂಬ ಮಾತಿದೆ. ಆ ಮಾತು ಸರಿ, ಮುಂದಿನವರು ಅದನ್ನು ಪಾಲಿಸಲಿ. ಆದರೂ ಗಂಡುನಟನೊಬ್ಬ ಸೀರೆಯನ್ನು ವೇಷವಾಗಿ ಉಡದೆ ಬಟ್ಟೆಯಾಗಿ ಉಟ್ಟದ್ದನ್ನು ನಾನು ಮೊದಲು ಕಂಡದ್ದು ಇವರಲ್ಲಿ. 2021ರ ಜೂನ್‌ನಲ್ಲಿ ಬೈಕ್ ಅಪಘಾತದಲ್ಲಿ ಅವರು ತೀರಿಕೊಂಡಾಗ, ಮನೆಯವರು ಅಂಗಾಂಗ ದಾನ ಮಾಡಿದರೆಂದು ಓದಿದಾಗ, ಪರಿಚಯದವರೊಬ್ಬರು ಹೋದ ಹಾಗೆ ಅನ್ನಿಸಿತ್ತು.

ಈಗ ತಕರಾರು. ಚಿತ್ರ ಆ ಬೇಕೆನ್ನುವುದನ್ನು ಗೌರವಿಸುತ್ತದೆ, ಆದರೆ ಹಣೆಬರಹ ಮಾಡಿಬಿಡುತ್ತದೆ. ಮಗು ಪರಕಾರ ಉಟ್ಟಿತು, ಆದ್ದರಿಂದ ಮುಂದೆ ಮನೆ ಬಿಟ್ಟಿತು, ಆದ್ದರಿಂದ ಭಿಕ್ಷೆ, ಆದ್ದರಿಂದ ಶಸ್ತ್ರಕ್ರಿಯೆ. ಒಂದಕ್ಕೊಂದು ಸರಪಳಿ. ತಂದೆಯಾಗಿ ಕೂತು ನೋಡಿದವನಿಗೆ ಈ ಸರಪಳಿ ಭಯ ಹುಟ್ಟಿಸುತ್ತದೆ. ನಡುರಾತ್ರಿ ಲ್ಯಾಪ್‌ಟಾಪ್ ಮುಚ್ಚಿದಾಗ ನನ್ನ ತಲೆಯಲ್ಲಿದ್ದ ಪ್ರಶ್ನೆ 'ಇವನು ಮುಂದೆ ಏನಾಗುತ್ತಾನೆ?' ಎಂಬುದು. ಕೇಳಬೇಕಾದ ಪ್ರಶ್ನೆ ಅದಲ್ಲ ಅಂತ ತಿಳಿಯಲು ನನಗೆ ಇನ್ನೊಂದು ಚಿತ್ರ ಬೇಕಾಯಿತು.

ಆ ಚಿತ್ರ ಫ್ರೆಂಚ್ ಭಾಷೆಯ 'ಮಾ ವಿ ಆನ್ ರೋಸ್'. ಬೆಲ್ಜಿಯಂನ ಅಲೈನ್ ಬೆರ್ಲಿನೆ ನಿರ್ದೇಶನದ್ದು. ಇದೂ 1997ರದ್ದೇ, ನಮ್ಮ ಚಾಚಿ ಬಂದ ವರ್ಷದ್ದು. ಲೂದೊವಿಕ್ ಎಂಬ ಏಳು ವರ್ಷದ ಹುಡುಗನ ಕಥೆ. ಅವನ ಮನೆಯವರು ಹೊಸ ಬಡಾವಣೆಗೆ ಬಂದಿದ್ದಾರೆ. ನೆರೆಹೊರೆಯವರನ್ನೆಲ್ಲ ಊಟಕ್ಕೆ ಕರೆದಿದ್ದಾರೆ. ಎಲ್ಲರ ಮುಂದೆ ಲೂದೊವಿಕ್ ರಾಜಕುಮಾರಿಯ ಗುಲಾಬಿ ಬಟ್ಟೆ ತೊಟ್ಟು, ತುಟಿಗೆ ಬಣ್ಣ ಹಚ್ಚಿ ಬರುತ್ತಾನೆ. ಮೊದಲು ಎಲ್ಲರೂ ನಗುತ್ತಾರೆ. ಆ ನಗು ನಮ್ಮ ಪಾರ್ಕಿಂಗಿನ ನಗುವಿನ ಹಾಗೇ ಇದೆ.

ಆ ನಗು ಯಾವಾಗ ನಿಲ್ಲುತ್ತದೆ ಎಂಬುದೇ ಆ ಚಿತ್ರ. ಒಂದು ಸಲ ಉಟ್ಟರೆ ತಮಾಷೆ. ಎರಡನೇ ಸಲ ಉಟ್ಟರೆ, ಅದೂ ಬೇಕು ಅಂತ ಉಟ್ಟರೆ, ಬಡಾವಣೆ ಮುಖ ತಿರುಗಿಸುತ್ತದೆ. ಬೇರೆ ಮಕ್ಕಳ ತಂದೆತಾಯಿ ಸಹಿ ಹಾಕಿ ಅವನನ್ನು ಶಾಲೆಯಿಂದ ಬಿಡಿಸುತ್ತಾರೆ. ಅಪ್ಪನ ಕೆಲಸ ಹೋಗುತ್ತದೆ. ಪ್ರೀತಿಸುತ್ತಿದ್ದ ತಾಯಿಯೇ ಮಗನ ಕೂದಲನ್ನು ಮೋಟು ಮಾಡುತ್ತಾಳೆ. ಊರು ಬಿಟ್ಟು ಹೋಗುತ್ತಾರೆ. ಅಲ್ಲಿ ಹುಡುಗನ ಹಾಗೆ ಬಟ್ಟೆ ಹಾಕುವ ಒಬ್ಬ ಹುಡುಗಿ ಲೂದೊವಿಕ್‌ಗೆ ಗೆಳತಿಯಾಗುತ್ತಾಳೆ. ಹುಟ್ಟುಹಬ್ಬದ ದಿನ ಆಕೆ ಒತ್ತಾಯ ಮಾಡಿ ತನ್ನ ರಾಜಕುಮಾರಿಯ ಬಟ್ಟೆಯನ್ನು ಅವನಿಗೆ ಕೊಟ್ಟು, ಅವನ ಸಿಪಾಯಿ ವೇಷವನ್ನು ತಾನು ಹಾಕಿಕೊಳ್ಳುತ್ತಾಳೆ. ಅವನನ್ನು ಆ ಬಟ್ಟೆಯಲ್ಲಿ ಕಂಡ ತಾಯಿ ಎಲ್ಲರೆದುರು ಹೊಡೆಯುತ್ತಾಳೆ. ಆ ದೃಶ್ಯವನ್ನು ಅರ್ಧಕ್ಕೆ ನಿಲ್ಲಿಸಿ ಎದ್ದು ಹೋಗಿ ನೀರು ಕುಡಿದು ಬಂದೆ.

ಗಮನಿಸಬೇಕಾದದ್ದು ಇದು: ಕ್ಯಾಮೆರಾ ಮನೆ ಬಿಟ್ಟು ಹೋಗುವುದಿಲ್ಲ. ಲೂದೊವಿಕ್ ಮುಂದೆ ಏನಾದ ಎಂದು ಚಿತ್ರ ಹೇಳುವುದೇ ಇಲ್ಲ. ಹೆಣ್ಣಾದನೋ, ಗಂಡಾಗಿ ಉಳಿದನೋ, ನಮಗೆ ಗೊತ್ತಾಗುವುದಿಲ್ಲ. ಚಿತ್ರ ಮುಗಿಯುವಾಗಲೂ ಅದು ಮಗುವೇ. ಬದಲಾದವರು ತಂದೆ, ತಾಯಿ. ಹೇಗಿದ್ದರೂ ನೀನು ನಮ್ಮದೇ ಮಗು ಎಂಬಲ್ಲಿಗೆ ಅವರು ಬರುತ್ತಾರೆ, ಅದಕ್ಕೆ ಎರಡು ಊರು ಬೇಕಾಗುತ್ತವೆ. ಹೊಡೆದಾಟವಿಲ್ಲದ, ಹಾಸಿಗೆಯ ದೃಶ್ಯವಿಲ್ಲದ ಈ ಚಿತ್ರಕ್ಕೆ ಅಮೆರಿಕದಲ್ಲಿ 'ಆರ್' ಪ್ರಮಾಣಪತ್ರ ಕೊಟ್ಟರು. ಅಂದರೆ ಹದಿನೇಳರ ಒಳಗಿನವರು ದೊಡ್ಡವರಿಲ್ಲದೆ ನೋಡುವಂತಿಲ್ಲ. ಮಗುವಿನ ಕಥೆ, ಮನೆಯ ಕಥೆ, ಆದರೆ ಮಕ್ಕಳಿಗಲ್ಲ. ಮನೆಮಂದಿ ನೋಡುವ ಚಿತ್ರ ಯಾವುದು ಎಂದು ತೀರ್ಮಾನಿಸುವವರ ತಲೆಯಲ್ಲೂ ಅಲ್ಲಿ ಇಲ್ಲಿ ಒಂದೇ ಲೆಕ್ಕ.

ಹಾಗಂತ ಲಿಂಗದೇವರು ಬೆರ್ಲಿನೆಯ ಹಾಗೆ ಮಾಡಬೇಕಿತ್ತು ಅಂದರೆ ಅನ್ಯಾಯ. ಲೂದೊವಿಕ್ ಕಲ್ಪನೆಯ ಮಗು. ವಿದ್ಯಾ ಇರುವ ಮನುಷ್ಯಳು. ಅವರ ಕಥೆ ಮನೆಯಲ್ಲೇ ಉಳಿಯಲಿಲ್ಲ, ಏಕೆಂದರೆ ಮನೆ ಅವರನ್ನು ಉಳಿಸಿಕೊಳ್ಳಲಿಲ್ಲ. ಎಂ.ಎ. ಓದಿದ ಹೆಣ್ಣುಮಗಳು ರೈಲಿನಲ್ಲಿ ಕೈಚಾಚಬೇಕಾಯಿತು ಎಂಬುದು ಚಿತ್ರಕಥೆಗಾರ ಕಟ್ಟಿದ ಸರಪಳಿಯಲ್ಲ, ನಾವು ಕಟ್ಟಿದ್ದು. ಚಿತ್ರ ಬೇಗ ಮನೆ ಬಿಡುತ್ತದೆ ಎಂದು ದೂರುವಾಗ, ಮಗುವನ್ನು ಬೇಗ ಹೊರಗೆ ಹಾಕಿದವರು ಯಾರು ಎಂದೂ ಕೇಳಬೇಕು.

ನಮ್ಮ ಮನೆಗಳು ಇಂಥ ಮಗುವಿಗೆ ಮಾಡಿದ್ದೇನು? ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರ ಬದುಕು ನೋಡಿ. ಗಂಡಾಗಿ ಹುಟ್ಟಿ ಹೆಣ್ಣಿನ ಹಾಗೆ ನಡೆಯತೊಡಗಿದಾಗ ಮನೆಯವರು ಹುಲಿಗೆಮ್ಮನ ಗುಡಿಗೆ ಕರೆದೊಯ್ದು ಜೋಗಪ್ಪ ದೀಕ್ಷೆ ಕೊಡಿಸಿದರು. ಉಡಿದಾರ ಹರಿದು, ಮುತ್ತು ಕಟ್ಟಿ, ಸೀರೆ ಉಡಿಸುವ ದೀಕ್ಷೆ ಅದು. ದೇವಿ ಸೀರೆ ಕೊಟ್ಟಳು, ಸರಿ. ಆದರೆ ಆ ಸೀರೆಯ ಜೊತೆ ಮನೆ ತಪ್ಪಿತು. ಆಕೆ ವಿಷ ಕುಡಿದು ಬದುಕಿ ಉಳಿದರು, ಮನೆ ಬಿಟ್ಟರು, ಭಿಕ್ಷೆ ಬೇಡಿದರು, ಕಾಳವ್ವ ಜೋಗತಿಯವರಿಂದ ಜೋಗತಿ ಕುಣಿತ ಕಲಿತರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. 2021ರಲ್ಲಿ ಪದ್ಮಶ್ರೀ ಪಡೆಯುವಾಗ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದದ್ದನ್ನು ನಾವೆಲ್ಲ ಫಾರ್ವರ್ಡ್ ಮಾಡಿದೆವು. ನಾನೂ ಮಾಡಿದೆ. ಆದರೆ ಅದೇ ಮಂಜಮ್ಮ ಆರು ವರ್ಷದ ಮಗುವಾಗಿ ನಮ್ಮ ಪಾರ್ಕಿಂಗಿನಲ್ಲಿ ಕುಣಿದರೆ ನನ್ನ ಕೈ ಏನು ಮಾಡುತ್ತದೆಂದು ಈಗ ನನಗೆ ಗೊತ್ತಿದೆ.

ಗುಡಿ ಒಂದು ದಾರಿ. ಕೋರ್ಟು, ಪೊಲೀಸು ಇನ್ನೊಂದು. ಹೈದರಾಬಾದಿನಲ್ಲಿ ಇರುವ ನಾವು ಇದನ್ನು ವಿಶೇಷವಾಗಿ ತಿಳಿಯಬೇಕು. ನಿಜಾಮರ ಕಾಲದಲ್ಲಿ, 1329 ಫಸಲಿಯಲ್ಲಿ, ಅಂದರೆ 1919ರಲ್ಲಿ ಇಲ್ಲಿ ಒಂದು ಕಾಯ್ದೆ ಬಂತು. ಹಿಜ್ರಾಗಳ ಹೆಸರು ದಾಖಲೆ ಮಾಡಿಡಬೇಕು, ಅವರು ರಸ್ತೆಯಲ್ಲಿ ಹೆಣ್ಣುಡುಗೆಯಲ್ಲೋ ಒಡವೆ ತೊಟ್ಟೋ ಕಂಡರೆ ವಾರಂಟ್ ಇಲ್ಲದೆ ಹಿಡಿಯಬಹುದು, ಎರಡು ವರ್ಷದವರೆಗೆ ಜೈಲು. ಬ್ರಿಟಿಷರ 1871ರ ಕ್ರಿಮಿನಲ್ ಟ್ರೈಬ್ಸ್ ಆಕ್ಟಿನ ಅಚ್ಚಿನಲ್ಲೇ ಎರಕ ಹೊಯ್ದದ್ದು ಅದು. ನಮ್ಮ ಬೀದರ್, ಕಲಬುರಗಿ, ರಾಯಚೂರು ಆಗ ಇದೇ ಸಂಸ್ಥಾನದಲ್ಲಿದ್ದವು. ಸೀರೆ ಉಟ್ಟದ್ದೇ ಅಪರಾಧ ಎನ್ನುವ ಕಾಯ್ದೆ ನಮ್ಮ ಅಜ್ಜಂದಿರ ಸರ್ಕಾರದ್ದು.

ಆ ಕಾಯ್ದೆ ಈ ಊರಿನಲ್ಲಿ ಎಷ್ಟು ವರ್ಷ ಪುಸ್ತಕದಲ್ಲಿತ್ತು ಗೊತ್ತೇ? ತೆಲಂಗಾಣ ಹೈಕೋರ್ಟು ಅದನ್ನು ಸಂವಿಧಾನಕ್ಕೆ ವಿರುದ್ಧ ಎಂದು ತೆಗೆದುಹಾಕಿದ್ದು 2023ರ ಜುಲೈನಲ್ಲಿ. ಉಡುಗೆಯೂ ಮನುಷ್ಯ ತನ್ನನ್ನು ಹೇಳಿಕೊಳ್ಳುವ ಬಗೆ, ಅದು ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ ಎಂದು ಸುಪ್ರೀಂ ಕೋರ್ಟು 2014ರ ಏಪ್ರಿಲ್‌ನ ನಾಲ್ಸಾ ತೀರ್ಪಿನಲ್ಲೇ ಹೇಳಿತ್ತು. ಅಂದರೆ ನಾನು ಪೀಣ್ಯದಿಂದ ಹೋಗಿ ಮಾದೇಶನಿಗಾಗಿ ಕಣ್ಣೀರಿಟ್ಟಾಗ, ಆಮೇಲೆ ಕೆಲಸ ಬದಲಿಸಿ ಜೀಡಿಮೆಟ್ಲಾಕ್ಕೆ ಬಂದಾಗ, ನನ್ನ ಮಗ ಹುಟ್ಟಿದಾಗಲೂ ಆ ಕಾಯ್ದೆ ಇತ್ತು. ಈಗ ಇಲ್ಲ. ರಸ್ತೆಯಲ್ಲಿ ಸೀರೆ ಉಟ್ಟವರನ್ನು ಅದರ ಹೆಸರಿನಲ್ಲಿ ಪೊಲೀಸರು ಹಿಡಿಯುವಂತಿಲ್ಲ. ಆ ಸಂಜೆ ವಾರಂಟ್ ಇಲ್ಲದೆ ಹಿಡಿದವನು ಅಪ್ಪ.

ಮತ್ತೆ ಚಿತ್ರದ ಹೆಸರಿಗೇ ಬರೋಣ. ನಾನು ಅವನಲ್ಲ, ಅವಳು. ತಾನು ಯಾರು ಎಂದು ಬೆಳೆದ ಹೆಣ್ಣೊಬ್ಬಳು ಎದೆ ಸೆಟೆಸಿ ಹೇಳುವ ಮಾತು. ವಿದ್ಯಾಳಿಗೆ ಆ ಮಾತು ಹೇಳುವ ಹಕ್ಕಿದೆ, ಆಕೆ ಅದಕ್ಕೆ ಮೈಯ ಬೆಲೆ ತೆತ್ತಿದ್ದಾಳೆ. ಆದರೆ ಕನ್ನಡದಲ್ಲಿ ಅವನು, ಅವಳು ಎರಡೇ ಇಲ್ಲ. ಕನ್ನಡದಲ್ಲಿ ಮಗು ಅಳುತ್ತದೆ, ಮಗು ನಗುತ್ತದೆ. ಕೂಸು ಬಂತು, ಕೂಸು ಮಲಗಿತು. ಪಾಪು ಅಂದರೆ ಗಂಡೂ ಆದೀತು, ಹೆಣ್ಣೂ ಆದೀತು. ತೆಲುಗಿನವರ ಹಾಗೆ ಪಾಪಾನಾ ಬಾಬಾನಾ ಅಂತ ಕೇಳಬೇಕಾಗಿಲ್ಲ. ನಮ್ಮ ವ್ಯಾಕರಣ ಮಕ್ಕಳಿಗೆ ಕೊಟ್ಟ ಸಣ್ಣ ರಜೆ ಅದು. ಒಂದಷ್ಟು ವರ್ಷ ಅವನು ಅವಳು ಅನ್ನುವ ಗೊಡವೆ ಇಲ್ಲದೆ ಇರಬಹುದು.

ಆ ರಜೆಯನ್ನು ಬೇಗ ಮುಗಿಸುವವರು ನಾವು. ಚಿತ್ರವೂ ಬೇಗ ಮುಗಿಸುತ್ತದೆ. ಮಾದೇಶನ ಬಾಲ್ಯವನ್ನು ಅವಳು ಎಂಬ ಉತ್ತರದಿಂದ ಹಿಂದಕ್ಕೆ ಓದುತ್ತದೆ. ನಾನು ಅದೇ ಬಾಲ್ಯವನ್ನು ಅವನು ಎಂಬ ಉತ್ತರದಿಂದ ಜಗ್ಗಿ ಹರಿದೆ. ಎರಡೂ ಕಡೆ ಮಗುವಿಗೆ ಪುರುಸೊತ್ತಿಲ್ಲ. ಮುಂದೆ ಅದು ಅವಳು ಎಂದು ತಾನೇ ಹೇಳಿದರೂ ಸರಿ, ಅವನಾಗಿಯೇ ಉಳಿದರೂ ಸರಿ, ಎರಡಕ್ಕೂ ಒಂದು ಮನೆ ಬೇಕು. ವಿದ್ಯಾಗೆ, ಮಂಜಮ್ಮನಿಗೆ ಸಿಗದೆ ಹೋದದ್ದು ಅದು. ಕನ್ನಡದಲ್ಲಿ ಇನ್ನೊಂದು ಚಿತ್ರ ಯಾರಾದರೂ ಮಾಡುವುದಾದರೆ ಆ ಮನೆಯಿಂದ ಹೊರಗೆ ಹೋಗದೆ ಮಾಡಲಿ. ಅಪ್ಪ, ಅವ್ವ, ಅಕ್ಕ, ಅಜ್ಜಿ, ಒಂದು ಪರಕಾರ, ಒಂದು ಸಂಜೆ, ಇಷ್ಟು ಸಾಕು. ಭಾನುವಾರ ಮಧ್ಯಾಹ್ನ ಮಕ್ಕಳನ್ನು ಮಗ್ಗುಲಿಗೆ ಕೂರಿಸಿಕೊಂಡು ನೋಡುವ ಹಾಗಿರಲಿ. ಅದು ಬರುವ ತನಕ 'ನಾನು ಅವನಲ್ಲ... ಅವಳು' ನೋಡಿ, ನೋಡಿದ್ದರೆ ಮತ್ತೊಮ್ಮೆ ನೋಡಿ. ವಿದ್ಯಾಳಿಗಾಗಿ ಮರುಗುವಾಗ ಆ ಮನೆಯ ಅಪ್ಪನ ಮೇಲೂ ಒಂದು ಕಣ್ಣಿಡಿ.

ಹರಿದ ಲಾಡಿಯ ಜಾಗಕ್ಕೆ ಅವ್ವ ಊರಿಗೆ ಹೋಗುವ ಮುಂಚೆ ಹೊಸ ಲಾಡಿ ಪೋಣಿಸಿದಳು. ಪರಕಾರ ಮಡಿಚಿ ಮಕ್ಕಳ ಕಪಾಟಿನಲ್ಲಿ ಇಟ್ಟಿದ್ದಾಳೆ, ಮಗನ ಕೈಗೆ ಸಿಗುವ ಅಂತರದಲ್ಲಿ. ಹೋಗುವಾಗ ಬಸ್‌ಸ್ಟ್ಯಾಂಡಿನಲ್ಲಿ ನನಗೆ ಇಷ್ಟೇ ಅಂದಳು: "ಅಂವ ಕೇಳಿದ್ರ ಕೊಡು. ಕೇಳಲಿಲ್ಲಂದ್ರ ನೀ ಕೇಳಬ್ಯಾಡ."

ಅವನು ಇನ್ನೂ ಕೇಳಿಲ್ಲ. ಟಿ.ವಿ.ಯಲ್ಲಿ ಹಾಡು ಬಂದರೂ ಮೊದಲಿನ ಹಾಗೆ ಎದ್ದು ಕುಣಿಯುವುದಿಲ್ಲ, ನನ್ನ ಕಡೆ ಒಂದು ಸಲ ನೋಡಿ ಕೂತೇ ಇರುತ್ತಾನೆ. ಸಂಜೆ ಹೊತ್ತು ಫ್ಯಾಕ್ಟರಿಗಳ ವಾಸನೆ ಬರುತ್ತದೆಂದು ನಾವು ಕಿಟಕಿ ಹಾಕಿಕೊಳ್ಳುತ್ತೇವೆ. ಈಗೀಗ ನಾನು ಹಾಡಿನ ಹೊತ್ತಿಗೆ ಏನೋ ನೆಪ ತೆಗೆದು ಅಡುಗೆಮನೆಗೆ ಹೋಗಿ ನಿಲ್ಲುತ್ತೇನೆ. ಮೊನ್ನೆ ಅಲ್ಲಿಂದ ಕಿವಿಗೊಟ್ಟೆ. ಎರಡು ಚಪ್ಪಾಳೆ ಕೇಳಿಸಿದವು. ಮಗನದೋ ಮಗಳದೋ ಗೊತ್ತಾಗಲಿಲ್ಲ. ಹೋಗಿ ನೋಡಲಿಲ್ಲ.